ಎಣ್ಣಿ ಎಲ್ಲಿರ್ತದ?

2020ರ ಅಕ್ಟೋಬರ್ ತಿಂಗಳನ್ನು ನಮ್ಮ ಮಣ್ಣೂರಿನವರು ಮರೆಯೋದಿಲ್ಲ. ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ಆಂಧ್ರ ದಾಟಿ ನಮ್ಮ ನೆತ್ತಿ ಮೇಲೆ ಬಂದು ಸುರೀತು. ಮೇಲಿನಿಂದ ಉಜನಿ, ವೀರ ಜಲಾಶಯಗಳ ನೀರೂ ಭೀಮೆಗೆ ಇಳೀತು. ಅಫಜಲಪುರ, ಜೇವರ್ಗಿ ತಾಲ್ಲೂಕಿನ ನದಿ ದಂಡಿ ಊರುಗಳೆಲ್ಲ ಗಂಟುಮೂಟಿ ಕಟ್ಟಿದವು. ನಾವು ದನಾ ಬಿಚ್ಚಿಕೊಂಡು, ಜ್ವಾಳದ ಚೀಲ ಹೊತ್ತುಕೊಂಡು ದಿಬ್ಬಕ್ಕ ಹೋದ್ವಿ. ಅಂಗಳದಾಗ ನಿಂತಿದ್ದ ನನ್ನ ಬೈಕ್ ಅಲ್ಲೇ ಉಳೀತು. ಅದರ ಸಾಲದ ಕಂತು ಇನ್ನೂ ಹದಿನಾಲ್ಕು ಬಾಕಿ ಇದ್ದವು.

ನೀರು ಇಳಿದ ಮೇಲೆ ಬಂದು ನೋಡಿದರೆ ಟಾಕಿಯ ತನಕ ರಾಡಿ ಮೆತ್ತಿತ್ತು. ನಮ್ಮ ಕಾಕಾ ಪಾನಾ ಹಿಡಕೊಂಡು ಬಂದರು. ಅವರು ಮೂವತ್ತು ವರ್ಷ ಯೆಜ್ಡಿ ಹೊಡೆದವರು. ಸೋಲಾಪುರದಾಗ ಹಳೇದು ತಗೊಂಡಿದ್ದ ಆ ಗಾಡಿ ಬಿಚ್ಚಿ ಜೋಡಿಸೋದನ್ನ ನೋಡೇ ನಾನು ಬೆಳೆದಿದ್ದು. "ಇದಕ್ಯಾಕ ಚಿಂತಿ ಮಾಡ್ತಿ ತಮ್ಮಾ, ಎಂಥಾ ಹಳ್ಳದಾಗ ಮುಳುಗಿದ ಗಾಡಿ ಚಾಲೂ ಮಾಡೀನಿ" ಅಂದರು. ಪ್ಲಗ್ ತೆಗೆದರು, ಕಿಕ್ ಹೊಡೆದರು. ತೂತಿನಿಂದ ಕೆಂಪು ನೀರು ಚಿಮ್ಮಿತು. ನೀರು ನಿಂತ ಮೇಲೆ ಪ್ಲಗ್ ಒರೆಸಿ, ಬೆಂಕಿಗೆ ಹಿಡಿದು ಒಣಗಿಸಿದರು. ಕಾರ್ಬ್ಯುರೇಟರ್ ಬಿಚ್ಚಿ ಊದಿದರು, ಹೊಸಾ ಪೆಟ್ರೋಲ್ ಹಾಕಿದರು. ಏಳನೇ ಕಿಕ್ಕಿಗೆ ಗಾಡಿ ಚಾಲೂ. ಓಣಿ ಮಂದಿ ಎಲ್ಲ ನಕ್ಕರು. ಎಂಟು ದಿನದ ಮ್ಯಾಲ ನಾವು ನಕ್ಕಿದ್ದು ಅವತ್ತೇ.

ಪರಿಹಾರದ ಅರ್ಜಿ ಕೊಡಬೇಕಿತ್ತು. ಅದೇ ಗಾಡಿ ಮೇಲೆ ಕಾಕಾನ್ನ ಹಿಂದೆ ಕೂಡಿಸಿಕೊಂಡು ಅಫಜಲಪುರಕ್ಕೆ ಹೊಂಟೆ. ಅರ್ಧ ದಾರಿಯೊಳಗೆ ಇಂಜಿನ್ ಕಿರ್ರಂತ ಕೂಗಿ ನಿಂತುಬಿಟ್ಟಿತು. ಆಮೇಲೆ ಕಿಕ್ ಒತ್ತಿದರೆ ಕೆಳಗೇ ಹೋಗಲಿಲ್ಲ. ಟಂಟಂ ಒಳಗೆ ಹಾಕ್ಕೊಂಡು ಹೋದೆವು. ಮಿಸ್ತ್ರಿ ಮೊದಲು ಮಾಡಿದ ಕೆಲಸ ಅಂದ್ರೆ ಇಂಜಿನ್ ಹೊಟ್ಟೆ ಕೆಳಗಿನ ಬೋಲ್ಟ್ ಬಿಚ್ಚಿ ಡಬರಿ ಹಿಡಿದದ್ದು. ಎಣ್ಣೆ ಬರಲಿಲ್ಲ, ಹಾಲು ಹಾಕಿದ ಚಹಾದಂಥದ್ದು ಬಂತು.

ಕಾಕಾ ಅದನ್ನೇ ನೋಡ್ತಾ ನಿಂತರು. "ನೀರು ಎಲ್ಲಾ ಹೊರಗ ಹಾರಿಸಿದ್ದೆ ಅಲ್ಲೋ, ಮತ್ಯಾಕ ಹಿಂಗಾತು?" ಅಂದರು. ಮಿಸ್ತ್ರಿ ಸಣ್ಣ ಹುಡುಗ. "ಕಾಕಾ, ಇದು ನಿಮ್ಮ ಕಾಲದ ಗಾಡಿ ಅಲ್ರಿ" ಅಂದ. ಕಾಕಾ ಆಮೇಲೆ ಮಾತಾಡಲಿಲ್ಲ. ಪಿಸ್ಟನ್, ಬೋರ್, ಬೇರಿಂಗ್ ಎಲ್ಲ ಸೇರಿ ಬಿಲ್ಲು ಹನ್ನೊಂದು ಸಾವಿರ. ವಿಮೆ ಇತ್ತು, ಆದರೆ ಬರೀ ಥರ್ಡ್ ಪಾರ್ಟಿ. ನಮ್ಮ ಸ್ವಂತ ಗಾಡಿ ಹಾನಿಗೆ ಅದರಿಂದ ಒಂದು ರೂಪಾಯಿನೂ ಬರೋದಿಲ್ಲ.

ಕಾಕಾ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಅದಕ್ಕೆ ಉತ್ತರ ಹೇಳಬೇಕಂದ್ರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಗಾಡಿ ಇಟ್ಟವರಿಗೆ ಹಿರಿಯರು ಹೇಳಿಕೊಂಡು ಬಂದ ಬುದ್ಧಿಮಾತುಗಳಲ್ಲಿ ಬಹಳಷ್ಟು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಇಂಜಿನ್ನಿನಲ್ಲಿ ಎಣ್ಣೆ ಎಲ್ಲಿರುತ್ತದೆ?

ಮೋಟಾರ್ ಸೈಕಲ್ಲಿನ ಮೊದಲ ಕಾಲದಲ್ಲಿ, ಅಂದರೆ ಸುಮಾರು 1920ರ ದಶಕದವರೆಗೆ, ಎಣ್ಣೆ ಸವಾರನ ಕೈಯಲ್ಲೇ ಇತ್ತು. ಟಾಕಿಯ ಪಕ್ಕದಲ್ಲಿ ಒಂದು ಸಣ್ಣ ಪಂಪು. ಇಷ್ಟು ಮೈಲಿಗೊಮ್ಮೆ ಒತ್ತಬೇಕು, ಏರು ಬಂದರೆ ಇನ್ನೊಂದು ಸಲ ಒತ್ತಬೇಕು. ಇಂಜಿನ್ನಿಗೆ ಹೋದ ಎಣ್ಣೆ ತಿರುಗಿ ಬರುತ್ತಿರಲಿಲ್ಲ. ಸುಟ್ಟು ಹೊಗೆಯಾಗುತ್ತಿತ್ತು, ಇಲ್ಲವೇ ರಸ್ತೆಗೆ ಸೋರುತ್ತಿತ್ತು. ಹಿಂದೆ ತೆಳ್ಳಗೆ ನೀಲಿ ಹೊಗೆ ಕಾಣುತ್ತಿದ್ದರೆ ಎಣ್ಣೆ ಸಾಕಷ್ಟಿದೆ ಅಂತ ಅರ್ಥ.

ಆ ಕಾಲದಲ್ಲಿ ನಮ್ಮ ಕಡೆ ಮೋಟಾರ್ ಅಂದ್ರೆ ಸರ್ಕಾರದ್ದು, ಇಲ್ಲಾ ಸಾಹುಕಾರರದ್ದು. ನಾವು ಆಗ ಹೈದರಾಬಾದ್ ಸಂಸ್ಥಾನದವರು. 1932ರಲ್ಲಿ ನಿಜಾಮರ ರೈಲ್ವೆಯವರು 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿದರು. ಗಾಡಿ ನೋಡಿಕೊಳ್ಳುವ ವಿದ್ಯೆ ಮಾಲೀಕನಿಗೆ ಬೇಕಿರಲಿಲ್ಲ. ಡ್ರೈವರನೇ ಮೆಕ್ಯಾನಿಕ್. ಶ್ರೀಮಂತರ ಕಾರು ನಡೆಸುವವನಿಗೆ ಹೇಳುವ 'ಶೋಫರ್' ಅನ್ನುವ ಫ್ರೆಂಚ್ ಪದಕ್ಕೂ ಮೂಲದಲ್ಲಿ ಬೆಂಕಿ ಕಾಯಿಸುವವನು ಅಂತಲೇ ಅರ್ಥ.

ಮಾಲೀಕನೇ ಮಿಸ್ತ್ರಿಯಾಗಬೇಕಾದ ಕಾಲ ಬಂದದ್ದು ಎರಡು ಸ್ಟ್ರೋಕಿನ ಗಾಡಿಗಳ ಜೊತೆಗೆ. ಜರ್ಮನಿಯ ನಿಕೊಲಸ್ ಒಟ್ಟೊ 1876ರಲ್ಲಿ ನಾಲ್ಕು ಸ್ಟ್ರೋಕಿನ ಇಂಜಿನ್ ಮಾಡಿ ತೋರಿಸಿದ್ದ. ಆಮೇಲೆ ಇಂಗ್ಲೆಂಡಿನ ಜೋಸೆಫ್ ಡೇ ಮಾಡಿದ ಎರಡು ಸ್ಟ್ರೋಕಿನ ಇಂಜಿನ್ನಿಗೆ ವಾಲ್ವುಗಳ ಗೋಜು ಇರಲಿಲ್ಲ. ಬಿಡಿಭಾಗ ಕಡಿಮೆ, ಬೆಲೆಯೂ ಕಡಿಮೆ. ಆದರೆ ಈ ಇಂಜಿನ್ನಿನ ಹೊಟ್ಟೆಯೊಳಗಿಂದಲೇ ಪೆಟ್ರೋಲು ಮತ್ತು ಗಾಳಿ ಹಾದುಹೋಗಬೇಕು. ಹಾಗಾಗಿ ಅಲ್ಲಿ ಎಣ್ಣೆ ತುಂಬಿಡಲು ಬರುವುದಿಲ್ಲ. ಅದಕ್ಕೇ ಎಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸಿ ಕಳಿಸುವ ಉಪಾಯ ಬಂತು.

1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಕನ್ನಡ ನಾಡಿನಲ್ಲೇ ಮಾಡತೊಡಗಿದರು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. ಉತ್ತರದಿಂದ ಎಸ್ಕಾರ್ಟ್ಸ್‌ನವರ ರಾಜದೂತ್ ಬಂತು, ಹಾಲಿನ ಕ್ಯಾನು ಹೊತ್ತು ಹಳ್ಳಿ ತಿರುಗಿತು. ಎಲ್ಲವೂ ಎರಡು ಸ್ಟ್ರೋಕಿನವೇ. ನಮ್ಮ ಕಡೆ ಗಾಡಿಯ ವಿದ್ಯೆ ಹುಟ್ಟಿದ್ದು ಇವುಗಳ ಮೇಲೆ. ಕಾಕಾ ಹೇಳುತ್ತಿದ್ದ ಒಂದೊಂದು ಮಾತಿಗೂ ಕಾರಣ ಇತ್ತು.

ಪೆಟ್ರೋಲ್ ಹಾಕಿಸಿದ ಮೇಲೆ ಗಾಡಿ ಎಡಕ್ಕೂ ಬಲಕ್ಕೂ ಅಲುಗಾಡಿಸು ಅನ್ನುತ್ತಿದ್ದರು. ಲೀಟರಿಗೆ 20ರಿಂದ 50 ಎಂ.ಎಲ್., ಗಾಡಿ ನೋಡಿಕೊಂಡು ಹಾಕಿದ ಎಣ್ಣೆ ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯಬೇಕಲ್ಲ, ಅದಕ್ಕೆ. ಉದ್ದ ಇಳಿಜಾರಿನಲ್ಲಿ ಎಕ್ಸಲರೇಟರ್ ಪೂರಾ ಮುಚ್ಚಿ ಗೇರಿನಲ್ಲಿ ಇಳೀಬ್ಯಾಡ ಅನ್ನುತ್ತಿದ್ದರು. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಿತು, ಪಿಸ್ಟನ್ ಹಿಡಕೊಳ್ಳುತ್ತದೆ. ಸೈಲೆನ್ಸರ್ ಬಿಚ್ಚಿ ಕರಿ ಸುಡು ಅನ್ನುತ್ತಿದ್ದರು. ಸುಟ್ಟ ಎಣ್ಣೆಯ ಮಸಿ ಅಲ್ಲಿ ಕಟ್ಟಿಕೊಂಡರೆ ಗಾಡಿ ಎಳೆಯುವುದಿಲ್ಲ. ಇನ್ನು ನೀರಿನಲ್ಲಿ ಮುಳುಗಿದರೆ? ಪ್ಲಗ್ ತೆಗಿ, ಕಿಕ್ ಹೊಡಿ, ನೀರು ಹಾರಿಸು, ಹೊಸಾ ಪೆಟ್ರೋಲ್ ಹಾಕಿ ಚಾಲೂ ಮಾಡು. ಆ ಇಂಜಿನ್ನಿಗೆ ಇದು ಸರಿಯಾದ ಮಾತು. ನೀರು ಹೊರಗೆ ಹಾರಿದ ಮೇಲೆ ಹೊಸ ಪೆಟ್ರೋಲಿನ ಜೊತೆ ಹೊಸ ಎಣ್ಣೆಯೂ ತಾನಾಗಿಯೇ ಒಳಗೆ ಬರುತ್ತದೆ. ಗೇರ್ ಪೆಟ್ಟಿಗೆಯ ಎಣ್ಣೆ ಬೇರೆ ಇರುತ್ತದೆ, ಅದನ್ನ ಮನೆಗೆ ಹೋಗಿ ಬದಲಿ ಮಾಡಿದರೂ ನಡೀತಿತ್ತು.

1985ರಲ್ಲಿ ಹೀರೋ ಹೊಂಡಾದವರ ಸಿ.ಡಿ. 100 ಬಂತು. 100 ಸಿ.ಸಿ.ಗೂ ತುಸು ಕಡಿಮೆ, ನಾಲ್ಕು ಸ್ಟ್ರೋಕು. ಪೆಟ್ರೋಲು ಉಳಿಸುವ ಗಾಡಿ. ಟಾಕಿ ತುಂಬಿಸಿ ಮರೆತುಬಿಡಿ ಅನ್ನುವ ಧಾಟಿಯಲ್ಲೇ ಅದರ ಜಾಹೀರಾತು. ಇದರ ಎಣ್ಣೆ ಪೆಟ್ರೋಲಿನಲ್ಲಿಲ್ಲ. ಇಂಜಿನ್ನಿನ ಹೊಟ್ಟೆಯಲ್ಲಿ ಸುಮಾರು ಒಂದು ಲೀಟರಿನಷ್ಟು ಇರುತ್ತದೆ. ಪಿಸ್ಟನ್, ಬೇರಿಂಗ್, ಗೇರು, ಕ್ಲಚ್ಚು ಎಲ್ಲಕ್ಕೂ ಅದೇ ಒಂದು ಲೀಟರ್ ಸುತ್ತಿ ಸುತ್ತಿ ಬರಬೇಕು. ಬುಲೆಟ್ ಇಟ್ಟವರಿಗೆ ನಾಲ್ಕು ಸ್ಟ್ರೋಕು ಹೊಸದಲ್ಲ, ಆದರೆ ಹಳ್ಳಿಯೊಳಗೆ ಬುಲೆಟ್ ಎಷ್ಟು ಮಂದಿ ಹತ್ತಿರ ಇದ್ದವು? 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು. 2000ದಿಂದ ಹೊಗೆಯ ನಿಯಮ ಬಿಗಿಯಾಗಿ ಎರಡು ಸ್ಟ್ರೋಕಿನ ಬೈಕುಗಳು ಒಂದೊಂದಾಗಿ ಹೋದವು.

ಗಾಡಿ ಬದಲಾದವು, ಮಾತು ಬದಲಾಗಲಿಲ್ಲ. ಇವತ್ತಿಗೂ ಬಂಕಿನಲ್ಲಿ ನಾಲ್ಕು ಸ್ಟ್ರೋಕಿನ ಗಾಡಿ ಅಲುಗಾಡಿಸೋರನ್ನ ನೋಡ್ತೀನಿ. ಅದರಿಂದ ಹಾನಿ ಇಲ್ಲ, ಉಪಯೋಗನೂ ಇಲ್ಲ. ಆದರೆ ಘಾಟಿನಲ್ಲಿ ನ್ಯೂಟ್ರಲ್ ಮಾಡಿ ಇಳಿಯೋದು ಜೀವಕ್ಕೇ ಕುತ್ತು. ನಾಲ್ಕು ಸ್ಟ್ರೋಕಿನ ಗಾಡಿಯನ್ನು ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಸಬೇಕು. ಎಣ್ಣೆಯ ಪಂಪು ತನ್ನ ಪಾಡಿಗೆ ತಿರುಗ್ತಿರ್ತದ, ಇಂಜಿನ್ನೇ ಗಾಡಿ ಹಿಡಿದು ನಿಲ್ಲಿಸ್ತದ, ಬ್ರೇಕು ಕಾಯೋದಿಲ್ಲ.

2020ರ ಏಪ್ರಿಲ್‌ನಿಂದ ಬಿ.ಎಸ್. 6 ಬಂದು ಬಹುತೇಕ ಬೈಕುಗಳಲ್ಲಿ ಕಾರ್ಬ್ಯುರೇಟರೂ ಹೋಯಿತು. ಪೆಟ್ರೋಲ್ ಪಂಪು ಟಾಕಿಯೊಳಗೇ ಕೂತಿತು. ಅದನ್ನು ತಂಪಾಗಿಡೋದು ಪೆಟ್ರೋಲೇ. ಹಾಗಾಗಿ ದಿನಾ ಟಾಕಿ ಬರಿದಾಗೋ ತನಕ ಹೊಡೆಯುವ ಚಟ ಈಗ ತುಟ್ಟಿ. ಬ್ಯಾಟರಿ ಪೂರಾ ಸತ್ತರೆ ಎಷ್ಟೋ ಗಾಡಿ ನೂಕಿದರೂ ಚಾಲೂ ಆಗೋದಿಲ್ಲ.

ಮುಳುಗಿದ ಗಾಡಿಯ ವಿಷಯಕ್ಕೆ ಬರೋಣ. ಭೀಮೆ ಮತ್ತೆ ಬರುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ನೀರು ಬರೋದು ಗೊತ್ತಾದರೆ ದನದ ಜೊತೆ ಗಾಡಿಯನ್ನೂ ದಿಬ್ಬಕ್ಕೆ ಏರಿಸಿ. ಆಗಲಿಲ್ಲ, ಮುಳುಗಿತು ಅಂದ್ರೆ ಮೊದಲ ಮಾತು: ಚಾವಿ ತಿರುಗಿಸಬ್ಯಾಡ್ರಿ, ಸೆಲ್ಫ್ ಒತ್ತಬ್ಯಾಡ್ರಿ. ಬ್ಯಾಟರಿಯ ಮೈನಸ್ ವೈರು ಬಿಚ್ಚಿಡಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಬರುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಮೋಟಾರ್ ಜೋರಿನಿಂದ ತಿರುಗಿಸಿದರೆ ಪಿಸ್ಟನ್ನಿನ ರಾಡು ಬಾಗುತ್ತದೆ.

ನಾಲ್ಕು ಸ್ಟ್ರೋಕಿನ ಬೈಕಾದರೆ ಮೊದಲು ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಪೂರಾ ಇಳಿಸಿ. ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಆಮೇಲೆ ಪ್ಲಗ್ ತೆಗೆದು ಕೈಯಿಂದ ಮೆಲ್ಲಗೆ ಕಿಕ್ ಒತ್ತಿ ನೀರು ಹೊರಗೆ ಹಾಕಿ. ಏರ್ ಫಿಲ್ಟರ್ ಕಾಗದದ್ದಾದರೆ ಒಗೆದು ಬಿಡಿ, ಹೊಸದು ಹಾಕಿ. ಕಡಿಮೆ ಬೆಲೆಯ ಎಣ್ಣೆ ಹಾಕಿ ಎರಡು ಮೂರು ನಿಮಿಷ ನಿಂತಲ್ಲೇ ಚಾಲೂ ಇಟ್ಟು ಮತ್ತೆ ಇಳಿಸಿ. ಎಣ್ಣೆಯ ಬಣ್ಣ ಸ್ವಚ್ಛ ಬರೋ ತನಕ ಹೀಗೇ ಮಾಡಿ. ಕಡೆಗೆ ಒಳ್ಳೆ ಎಣ್ಣೆ, ಫಿಲ್ಟರ್ ಇದ್ದರೆ ಹೊಸ ಫಿಲ್ಟರ್. ಕಾರಿನ ಎಣ್ಣೆ ಬೈಕಿಗೆ ಹಾಕಬೇಡಿ. ಬೈಕಿನ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುತ್ತದೆ, ಕಾರಿನ ಎಣ್ಣೆಯ ಜಾರುಗುಣಕ್ಕೆ ಅದು ಜಾರಬಹುದು.

ಟಾಕಿಯನ್ನೂ ಪೂರಾ ಖಾಲಿ ಮಾಡಿ. ಮೊದಲು ನೀರು ತಳಕ್ಕೆ ಇಳಿಯುತ್ತಿತ್ತು, ನಲ್ಲಿಯ ಕೆಳಗಿನ ಸಣ್ಣ ಬಟ್ಟಲು ಬಿಚ್ಚಿ ಚೆಲ್ಲಿದರೆ ಮುಗೀತಿತ್ತು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟಿನ ತನಕ ಎಥನಾಲ್ ಇದೆ. ಅದು ನೀರನ್ನು ಎಳೆದುಕೊಂಡು, ನೀರು ಹೆಚ್ಚಾದರೆ ನೀರಿನ ಜೊತೆಗೇ ಬೇರ್ಪಟ್ಟು ತಳ ಸೇರುತ್ತದೆ. ಚಕ್ರದ ಬೇರಿಂಗಿನ ಗ್ರೀಸು ಬದಲಿಸಿ. ಬ್ರೇಕು ಒಣಗೋ ತನಕ ಮೆಲ್ಲಗೆ ಹೊಡೀರಿ.

ಕಾರು ಮುಳುಗಿದರೆ ನೀವು ಕೈ ಹಚ್ಚಲೇ ಬೇಡಿ. ಹೇಗಿದೆಯೋ ಹಾಗೆ ಫೋಟೋ ತೆಗೆದು, ವಿಮೆಯವರಿಗೆ ತಿಳಿಸಿ, ಹೇರಿಸಿಕೊಂಡು ಹೋಗಿ. ಪೂರ್ತಿ ವಿಮೆ ಇದ್ದರೂ, ನೀರು ಹೊಕ್ಕ ಮೇಲೆ ಚಾಲೂ ಮಾಡಿ ಕೆಡಿಸಿಕೊಂಡ ಇಂಜಿನ್ನಿಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ಅದಕ್ಕೆ ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕಟ್ಟಬೇಕು. ನದಿ ದಂಡಿಯವರು ಅದನ್ನ ಮೊದಲೇ ವಿಚಾರ ಮಾಡಿಡೋದು ಚಲೋ.

ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಒಂದು ದಿನ ಕಾಕಾನ ಮುಂದೆ ಕೂತು ಹೇಳಿದೆ: "ನೀವು ತಪ್ಪು ಮಾಡಿಲ್ರಿ ಕಾಕಾ. ಯೆಜ್ಡಿಯೊಳಗ ಎಣ್ಣಿ ಪೆಟ್ರೋಲ್ ಜೊತಿ ಬರ್ತಿತ್ತು. ಇದರಾಗ ಎಣ್ಣಿ ಹೊಟ್ಟಿಯೊಳಗ ಇರ್ತದ. ನೀರು ಅದರಾಗ ಕೂತುಬಿಟ್ಟಿತ್ತು." ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂದ್ರ ಪ್ಲಗ್ ತೆಗೆದದ್ದು ಬರೋಬರಿ ಇತ್ತು?" ಅಂದರು.

"ಬರೋಬರಿ ಇತ್ತು. ಎಣ್ಣಿ ಇಳಿಸೋದೊಂದು ಉಳಿದಿತ್ತು."

ನೆರಿ ಬಂದಾಗಿನಿಂದ ಬೇರೆಯವರ ಗಾಡಿ ಮುಟ್ಟದಿದ್ದ ಮನುಷ್ಯ ಮರುದಿನ ಬೆಳಿಗ್ಗೆ ಅಂಗಳದಾಗ ನನ್ನ ಗಾಡಿ ಮುಂದೆ ಕೂತಿದ್ದರು. ಎಣ್ಣೆಯ ಕಡ್ಡಿ ತೆಗೆದು, ಧೋತರದ ತುದಿಗೆ ಒರೆಸಿ, ಬಿಸಿಲಿಗೆ ಹಿಡಿದು ಬಣ್ಣ ನೋಡ್ತಿದ್ದರು.