ಕೋಶಕೇಂದ್ರದ ಬಾಗಿಲು ಮತ್ತು ಬೇಲೂರಿನ ಪಾದರಕ್ಷೆಯ ಐತಿಹ್ಯ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳನ್ನು ಬಲ್ಲವರಿಗೆ ಬಾಗಿಲೆಂದೊಡನೆ ದ್ವಾರಪಾಲಕರು ನೆನಪಾಗುತ್ತಾರೆ. ಜೀವಕೋಶದ ಕೇಂದ್ರಕ್ಕೆ ಪ್ರೋಟೀನುಗಳು ಒಳಹೋಗುವ, ಆರ್‌ಎನ್‌ಎ ಹೊರಬರುವ ಬಗೆಯನ್ನು ವಿವರಿಸುವಾಗಲೂ ಕಾವಲುಗಾರನ ಹೋಲಿಕೆಯೇ ಸುಲಭವಾಗಿ ಒದಗುತ್ತದೆ. ಅದು ಸಮರ್ಪಕವಲ್ಲವೆಂಬುದು ನನ್ನ ಅಭಿಪ್ರಾಯ.

ಕೇಂದ್ರಪೊರೆಯಲ್ಲಿ ರಂಧ್ರಗಳಿರುವುದನ್ನು 1950ರಲ್ಲಿ ಕ್ಯಾಲನ್ ಮತ್ತು ಟಾಮ್ಲಿನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ತೋರಿಸಿದರು. ಇವು ಬರಿಯ ತೂತುಗಳಲ್ಲ. ಸುಮಾರು 30 ಬಗೆಯ ಪ್ರೋಟೀನುಗಳು ನೂರಾರು ಪ್ರತಿಗಳಲ್ಲಿ ಕೂಡಿ ಆದ ರಚನೆಗಳು. ಸಣ್ಣ ಅಣುಗಳು ತಾವಾಗಿಯೇ ನುಸುಳುತ್ತವೆ. ಸುಮಾರು 40 ಸಾವಿರ ಡಾಲ್ಟನ್ ಮೀರಿದ ಪ್ರೋಟೀನಿಗೆ ಸಾಮಾನ್ಯವಾಗಿ ಒಂದು ಗುರುತು ಬೇಕು. 1984ರಲ್ಲಿ ಎಸ್‌ವಿ40 ವೈರಾಣುವಿನ ಪ್ರೋಟೀನೊಂದರಲ್ಲಿ ಕೇವಲ ಏಳು ಅಮೈನೊ ಆಮ್ಲಗಳ ಅಂಥ ಗುರುತು ಪತ್ತೆಯಾಯಿತು. ಅವುಗಳಲ್ಲಿ ಒಂದನ್ನು ಬದಲಿಸಿದ್ದಕ್ಕೇ ಪ್ರೋಟೀನು ಹೊರಗೆ ಉಳಿದುಬಿಟ್ಟಿತು. ಆದರೆ ಗುರುತನ್ನು ಓದುವವರು ಬಾಗಿಲಲ್ಲಿ ನಿಂತಿರಲಿಲ್ಲ. 1990ರ ದಶಕದ ಸಂಶೋಧನೆಗಳು ತೋರಿಸಿದಂತೆ, ಅದನ್ನು ಹಿಡಿಯುವುದು ಇಂಪಾರ್ಟಿನ್ ಎಂಬ ಹೊರೆಯಾಳು. ಒಳಗೆ ಹೇರಳವಾಗಿರುವ ರಾನ್-ಜಿಟಿಪಿ ಬಂದು ಕೂಡಿದಾಗ ಹೊರೆ ಇಳಿಯುತ್ತದೆ; ಹೊರೆಯಾಳು ಹೊರಕ್ಕೆ ಮರಳುತ್ತದೆ.

ಇಲ್ಲಿ ಬೇಲೂರಿನ ಐತಿಹ್ಯವೊಂದು ನೆನಪಾಗುತ್ತದೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿಯೂ ಅದು ದಾಖಲಾಗಿದೆ. ಚೆನ್ನಿಗರಾಯನು ಬಾಬಾಬುಡನ್‌ಗಿರಿಯಲ್ಲಿ ಉಳಿದ ದೇವಿಯನ್ನು ಕಾಣಲು ಹೋಗಿಬರುವನು. ಪಾದರಕ್ಷೆ ಸವೆದಾಗ ಚನ್ನಗಿರಿ, ಬಸವಾಪಟ್ಟಣಗಳ ಚರ್ಮದ ಕಸುಬಿನವರಿಗೆ ಕನಸಿನಲ್ಲಿ ತಿಳಿಯುವುದು. ಹೊಸ ಜೋಡನ್ನು ಒಪ್ಪಿಸಲು ಅವರಿಗೆ ದೇವಾಲಯದ ಪ್ರಾಂಗಣ ಪ್ರವೇಶಿಸುವ ಅವಕಾಶವಿತ್ತು. ಹೊರೆ ಹೊತ್ತು ಬಂದು, ಇಳಿಸಿ, ಮರಳುವ ಈ ಕ್ರಮ ದ್ವಾರಪಾಲಕನ ಹೋಲಿಕೆಗಿಂತ ವಿಷಯಕ್ಕೆ ಹತ್ತಿರವಾದುದು. ಆದರೂ ಇದು ತಿರುವುಮುರುವು: ಐತಿಹ್ಯದಲ್ಲಿ ಹೊರೆಯಿಂದಾಗಿ ಹೊತ್ತವರಿಗೆ ಪ್ರವೇಶ, ಕೋಶದಲ್ಲಿ ಹೊತ್ತವರಿಂದಾಗಿ ಹೊರೆಗೆ ಪ್ರವೇಶ. ಇನ್ನೊಂದು ವ್ಯತ್ಯಾಸವನ್ನಂತೂ ಮರೆಯುವಂತಿಲ್ಲ. ರಂಧ್ರದ ಆಯ್ಕೆ ಅಣುಗಳ ಗಾತ್ರ ಮತ್ತು ಬಂಧಗಳ ಪರಿಣಾಮ. ದೇವಾಲಯದ ಹೊಸ್ತಿಲಲ್ಲಿ ತಡೆದದ್ದು ಮನುಷ್ಯರು ಮಾಡಿದ ಜಾತಿ. ಹೋಲಿಕೆಯ ನೆವದಲ್ಲಿ ಎರಡನೆಯದಕ್ಕೆ ನಿಸರ್ಗದ ಸಮರ್ಥನೆ ದೊರೆಯಬಾರದು.

ಈ ಚರಿತ್ರೆಯಲ್ಲಿ ಕನ್ನಡನಾಡಿನ ಪಾಲೂ ಉಂಟು. ಮೈಸೂರಿನಲ್ಲಿ ಜನಿಸಿದ ಎಂ.ಆರ್.ಎಸ್. ರಾವ್ (1948–2023) ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಬಳಿಕ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ವೀರ್ಯಾಣು ರೂಪುಗೊಳ್ಳುವಾಗಿನ ವರ್ಣತಂತುದ್ರವ್ಯದ ಬದಲಾವಣೆಗಳನ್ನು ಅಭ್ಯಸಿಸಿದರು. ಆ ಹಂತದಲ್ಲಿ ಡಿಎನ್‌ಎಗೆ ಅಂಟಿದ ಹಿಸ್ಟೋನುಗಳು ಕಳಚುತ್ತವೆ. ಪ್ರೋಟಮೈನುಗಳು ಬಂದು ನೆಲೆಸುವ ಮುನ್ನ ಟಿಪಿ2ರಂಥ ಮಧ್ಯಂತರ ಪ್ರೋಟೀನುಗಳು ಅಲ್ಲಿರುತ್ತವೆ. ಟಿಪಿ2 ಕೇಂದ್ರವನ್ನು ಸೇರುವುದರಲ್ಲಿ ಇಂಪಾರ್ಟಿನ್-4ರ ಪಾತ್ರವಿದೆಯೆಂದು ಅವರ ತಂಡ 2008ರಲ್ಲಿ ಪ್ರಕಟಿಸಿತು. ಹೊರೆಯಾಳುಗಳಲ್ಲಿಯೂ ಬಗೆಗಳಿವೆ, ಹೊರೆಗೆ ತಕ್ಕ ಆಳು ಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ಹೊರಹೋಗುವ ದಾರಿಯ ಕ್ರಮ ಬೇರೆ. ಸಂದೇಶವಾಹಕ ಆರ್‌ಎನ್‌ಎ ಕತ್ತರಿಸಿ ಜೋಡಿಸಲ್ಪಟ್ಟು ಸಿದ್ಧವಾದ ಮೇಲೆಯೇ ಸಾಮಾನ್ಯವಾಗಿ ಹೊರಬೀಳುತ್ತದೆ. ಎಚ್‌ಐವಿ ವೈರಾಣು ಈ ನಿಯಮವನ್ನು ತಪ್ಪಿಸುತ್ತದೆ: ತನ್ನ ರೆವ್ ಪ್ರೋಟೀನಿನ ಮೂಲಕ ಎಕ್ಸ್‌ಪಾರ್ಟಿನ್-1ನ್ನು ಹಿಡಿದು ಕತ್ತರಿಸದ ಆರ್‌ಎನ್‌ಎಯನ್ನೇ ಸಾಗಿಸುತ್ತದೆ. ಇದೇ ಎಕ್ಸ್‌ಪಾರ್ಟಿನ್ನನ್ನು ತಡೆಯುವ ಸೆಲಿನೆಕ್ಸರ್ ಎಂಬ ಔಷಧಿಗೆ, ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ಚಿಕಿತ್ಸೆಗಾಗಿ, 2019ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು.