ಅಂಗಳಕ್ಕೆ ಬಂದ ಬಾಲವಾಡಿ

ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಕಾಣುವ ಅಂಗನವಾಡಿಯ ಬೇರು ಮಹಾರಾಷ್ಟ್ರ–ಗುಜರಾತ್ ಗಡಿಯ ಬೋರ್ಡಿ ಎಂಬ ಕಡಲತಡಿಯ ಊರಿನಲ್ಲಿದೆ. 1945ರಲ್ಲಿ ತಾರಾಬಾಯಿ ಮೋಡಕ್ ಅಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದರು. ಅನುತಾಯಿ ವಾಘ್ ತಾರಾಬಾಯಿಯ ಜೊತೆಗೂಡಿದರು.

ಮರಾಠಿ ಮನೆಮಾತಿನ ತಾರಾಬಾಯಿ ಅದಕ್ಕೆ ಮುನ್ನ ಭಾವನಗರದಲ್ಲಿ ಗಿಜುಭಾಯಿ ಬಧೇಕರ ಬಾಲಮಂದಿರದಲ್ಲಿ ದುಡಿದಿದ್ದರು. 1920ರಲ್ಲಿ ಆರಂಭವಾದ ಆ ಶಾಲೆ ನಡೆಯುತ್ತಿದ್ದುದು ಗುಜರಾತಿಯಲ್ಲಿ. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. ಪರಭಾಷೆಯ ಮನೆಗಳೊಂದಿಗೆ ಒಡನಾಡಿದ ಈ ಅನುಭವ ತಾರಾಬಾಯಿಗೆ ಬೋರ್ಡಿಯಲ್ಲಿ ಒದಗಿಬಂತು.

ಬೋರ್ಡಿಯಲ್ಲೂ, 1957ರ ಹೊತ್ತಿಗೆ ಕೇಂದ್ರ ನೆಲೆಗೊಂಡ ಕೋಸಬಾಡ ಗುಡ್ಡದಲ್ಲೂ ಬಡವರ ಮಕ್ಕಳು ಬಾಲವಾಡಿಯತ್ತ, ಅಂದರೆ ಕೇಂದ್ರದ ಪುಟ್ಟ ಮಕ್ಕಳ ಶಾಲೆಯತ್ತ, ಸುಳಿಯುತ್ತಿರಲಿಲ್ಲ. ದೊಡ್ಡ ಮಕ್ಕಳು ದನ ಕಾಯಬೇಕಿತ್ತು, ಇಲ್ಲವೇ ತಮ್ಮತಂಗಿಯರನ್ನು ಎತ್ತಿ ಆಡಿಸಬೇಕಿತ್ತು. ಗುಡ್ಡದ ವಾರ್ಲಿ ಆದಿವಾಸಿಗಳ ಮಾತಾದರೋ ಮರಾಠಿಗೆ ಹತ್ತಿರದ್ದಾದರೂ ಪುಸ್ತಕದ ಮರಾಠಿಯಲ್ಲ. ಮಕ್ಕಳು ಬಾರದಿದ್ದಾಗ ತಾರಾಬಾಯಿ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು; ಅಂಗಳದ ಈ ಬಾಲವಾಡಿಯೇ ಅಂಗನವಾಡಿ. ಮೊದಲು ಮಕ್ಕಳಿಗೆ ಸ್ನಾನ, ತಲೆ ಬಾಚುವುದು. ಆಮೇಲೆ ಹಾಡು, ಕಥೆ, ಆಟ. ದುಬಾರಿ ಮಾಂಟೆಸ್ಸೊರಿ ಸಲಕರಣೆಗಳ ಬದಲು ಕಲ್ಲು, ಚಿಪ್ಪು, ಎಲೆ, ಹೂವು ಬಂದವು. ದನಗಾಹಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ಅಂಗಳದ ಪಾಠದ ನಿಜವಾದ ಲಾಭ ಮನೆಯವರಿಗೆ ಸಂಬಂಧಿಸಿದ್ದು: ತಾಯಿಯೂ ಅಜ್ಜಿಯೂ ನಡೆಯುವುದನ್ನೆಲ್ಲ ಕಣ್ಣಾರೆ ನೋಡಬಹುದಿತ್ತು, ತಮ್ಮ ಮಾತಿನಲ್ಲೇ ಕೇಳಬಹುದಿತ್ತು. ಶಾಲೆಗೆ ಕರೆಸಿ ಬುದ್ಧಿ ಹೇಳುವ ರೂಢಿಗಿಂತ ಇದು ಎಷ್ಟೋ ಮೇಲು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ನಿಂತಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ಮೊದಲನೆಯದು; ಅಲ್ಲಿ 100 ಕೇಂದ್ರಗಳು ತೆರೆದವು. ಕಾರ್ಯಕರ್ತೆಯನ್ನು ಅದೇ ಊರಿನಿಂದ ಆರಿಸುವ ನಿಯಮದಿಂದಾಗಿ ಆಕೆಯ ಮಾತೂ ತಾಯಂದಿರ ಮಾತೂ ಬಹುಮಟ್ಟಿಗೆ ಒಂದೇ ಆಯಿತು. ಮನೆಭೇಟಿ, ತಾಯಂದಿರ ಸಭೆ ಸುಗಮವಾಗಿ ನಡೆದದ್ದು ಈ ಬಲದಿಂದ.

ಊರು ಬಿಟ್ಟು ದುಡಿಯಲು ಬಂದವರಿಗೆ ಮಾತ್ರ ಈ ನಿಯಮದಿಂದ ಆಸರೆಯಿಲ್ಲ. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಒಡಿಯಾ, ಬಂಗಾಳಿ, ಹಿಂದಿ, ತೆಲುಗು ಮಾತಾಡುವ ತಾಯಂದಿರಿದ್ದಾರೆ; ಅಲ್ಲಿನ ಕಾರ್ಯಕರ್ತೆಯದು ಕನ್ನಡ. ಇಂಥ ಕೂಲಿಕಾರರ ಮಕ್ಕಳತ್ತ ದೇಶದಲ್ಲಿ ಮೊದಲೇ ಗಮನ ಹರಿಸಿದವರಲ್ಲಿ ಮೀರಾ ಮಹಾದೇವನ್ ಒಬ್ಬರು. 1969ರಲ್ಲಿ ದೆಹಲಿಯ ಗಾಂಧಿ ಶತಮಾನೋತ್ಸವದ ಕಾಮಗಾರಿಯ ಜಾಗದಲ್ಲೇ ಅವರು ಶಿಶುಗೃಹ ತೆರೆದರು. ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಅಲ್ಲಿಂದ. ಕೂಲಿಕಾರರು ದುಡಿಯುವಲ್ಲಿಗೇ ಆರೈಕೆಯನ್ನು ಒಯ್ಯುವುದು ಅದರ ಕ್ರಮವಾಯಿತು.