ಮಂಜೇಶ್ವರದ ಸದಸ್ಯ ಮತ್ತು ಮೂರನೆಯ ವಿಧಿ

1957ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರದಲ್ಲಿ ಮತದಾನವೇ ನಡೆಯಲಿಲ್ಲ. ಕಾಸರಗೋಡು ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಪಕ್ಷದವರಾದ ಪಕ್ಷೇತರ ಅಭ್ಯರ್ಥಿ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಅನಂತರ 1960, 1965 ಮತ್ತು 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಅದೇ ಬೇಡಿಕೆಯೊಡನೆ ಅಲ್ಲಿಂದ ಗೆದ್ದರು. ಹತ್ತು ವರ್ಷಗಳಲ್ಲಿ ನಾಲ್ಕು ಬಾರಿ ಸ್ಪಷ್ಟವಾಗಿ ನುಡಿದ ಈ ಜನಾಭಿಪ್ರಾಯಕ್ಕೆ ಏನಾಯಿತು? ಗಡಿನಾಡಿನ ಬರವಣಿಗೆ ಇದನ್ನು ಬಹುಮಟ್ಟಿಗೆ ವಂಚನೆಯ ಕಥೆಯಾಗಿ ಹೇಳುತ್ತ ಬಂದಿದೆ. ಸಂಸದೀಯ ವ್ಯವಸ್ಥೆಯ ಕಾರ್ಯವಿಧಾನವನ್ನು ಗಮನಿಸಿದರೆ ದೊರೆಯುವ ಉತ್ತರ ಅದಕ್ಕಿಂತ ಶುಷ್ಕವಾದುದು. ಬಹುಶಃ ಅದಕ್ಕಿಂತ ಕಠಿನವೂ ಹೌದು.

ರಾಜ್ಯಗಳ ಎಲ್ಲೆಯನ್ನು ಬದಲಿಸುವ ಅಧಿಕಾರವನ್ನು ಸಂವಿಧಾನದ ಮೂರನೆಯ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಅದಕ್ಕೆ ಸಾಮಾನ್ಯ ಬಹುಮತ ಸಾಕು. ಆದರೆ ರಾಷ್ಟ್ರಪತಿಯ ಶಿಫಾರಸ್ಸಿಲ್ಲದೆ ಅಂಥ ಮಸೂದೆಯನ್ನು ಮಂಡಿಸುವಂತಿಲ್ಲ. ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಎಂದರೆ ಕೇಂದ್ರ ಸರಕಾರ ಮನಸ್ಸು ಮಾಡದ ಹೊರತು ಗಡಿಯ ಪ್ರಶ್ನೆ ಮಸೂದೆಯ ರೂಪದಲ್ಲಿ ಸದನದ ಹೊಸ್ತಿಲನ್ನೇ ದಾಟದು. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕು, ನಿಜ. 1955ರ ಐದನೆಯ ತಿದ್ದುಪಡಿ ಆ ಅಭಿಪ್ರಾಯ ತಿಳಿಸಲು ಗಡುವು ವಿಧಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಆ ಅಭಿಪ್ರಾಯಕ್ಕೆ ಸಂಸತ್ತು ಬದ್ಧವಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯ 1959ರಲ್ಲಿ ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 1956ರಲ್ಲಿ ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹೀಗಾಗಿ ತಾಲೂಕಿನ ಪರವಾಗಿ ಅಭಿಪ್ರಾಯ ಹೇಳಬೇಕಾಗಿದ್ದ ಸಭೆ ಮದರಾಸಿನದು. ಗಡಿಯ ಜನರನ್ನು ನೇರವಾಗಿ ಕೇಳುವ ಏರ್ಪಾಡು ಈ ವಿಧಿಯಲ್ಲಿ ಎಲ್ಲಿಯೂ ಇಲ್ಲ.

ಆ ವರ್ಷದ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷ ಮಂಜೇಶ್ವರದ ಸದಸ್ಯರು ಪ್ರವೇಶಿಸಿದ್ದು ತಮ್ಮ ಬೇಡಿಕೆಯನ್ನು ತೀರ್ಮಾನಿಸುವ ಅಧಿಕಾರವೇ ಇಲ್ಲದ ಸದನವನ್ನು. 126 ಚುನಾಯಿತ ಸದಸ್ಯರ ಆ ಸಭೆಯಲ್ಲಿ ಕಮ್ಯುನಿಸ್ಟ್ ಪಕ್ಷಕ್ಕೆ 60 ಸ್ಥಾನ. ಐವರು ಪಕ್ಷೇತರರ ಬೆಂಬಲದಿಂದ ಇ.ಎಂ.ಎಸ್. ನಂಬೂದಿರಿಪಾಡ್ ಮಂತ್ರಿಮಂಡಲ ರಚಿಸಿದರು. ಇಷ್ಟು ತೆಳ್ಳನೆಯ ಬಹುಮತವಿರುವಲ್ಲಿ ಒಬ್ಬ ಸದಸ್ಯನ ಮತಕ್ಕೂ ಬೆಲೆಯುಂಟು. ಆದರೆ ರಾಜ್ಯದಿಂದ ಹೊರಹೋಗಬೇಕೆನ್ನುವವನಿಗೆ ಬೆಲೆಯಾಗಿ ಕೊಡುವಂಥದ್ದು ರಾಜ್ಯದ ಯಾವ ಮಂತ್ರಿಮಂಡಲದ ಕೈಯಲ್ಲಿದೆ? ರಸ್ತೆ, ಶಾಲೆಗಳಿಗಾಗಿ ಚೌಕಾಸಿ ನಡೆಯಬಹುದು, ಗಡಿಗಾಗಿ ಅಲ್ಲ. 1965ರ ಗೆಲುವಿನ ಗತಿಯಂತೂ ಇನ್ನೂ ವಿಚಿತ್ರ: ಯಾರಿಗೂ ಬಹುಮತ ಬಾರದೆ, ಆ ವಿಧಾನಸಭೆ ಒಮ್ಮೆಯೂ ಸಮಾವೇಶಗೊಳ್ಳದೆ ವಿಸರ್ಜನೆಯಾಯಿತು.

1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸ್ಸು ಮಾಡಿತು. ತಾಲೂಕನ್ನು ಇಡಿಯಾಗಿ ಎಣಿಸಿದಾಗ ಒಂದು ಉತ್ತರ, ಹೊಳೆಯನ್ನು ಎಲ್ಲೆಯಾಗಿ ಹಿಡಿದಾಗ ಇನ್ನೊಂದು. ಜತ್ತ, ಅಕ್ಕಲಕೋಟೆಗಳ ಭವಿಷ್ಯವೂ ಅದೇ ವರದಿಯಲ್ಲಿತ್ತು. ಕೇರಳ, ಮಹಾರಾಷ್ಟ್ರಗಳೆರಡೂ ಅದನ್ನು ಒಪ್ಪಲಿಲ್ಲ. ಆಯೋಗದ ವರದಿ ಸರಕಾರಕ್ಕೆ ಸಲಹೆಯೇ ಹೊರತು ಕಟ್ಟಳೆಯಲ್ಲವಾದ್ದರಿಂದ ಮಸೂದೆಯೂ ಬರಲಿಲ್ಲ. 1970ರಲ್ಲಿ ಮಂಜೇಶ್ವರ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರನ್ನು ಆರಿಸಿತು.

ಎಲ್ಲೆ ಬದಲಾಗದಿದ್ದರೂ ಭಾಷೆಯ ಪ್ರಶ್ನೆ ಸದನದೊಳಗೆ ಉಳಿಯಿತು. 210ನೆಯ ವಿಧಿಯಂತೆ ರಾಜ್ಯದ ಅಧಿಕೃತ ಭಾಷೆಯಲ್ಲಾಗಲಿ ಹಿಂದಿ, ಇಂಗ್ಲಿಷುಗಳಲ್ಲಾಗಲಿ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ಇದು ಅನುಮತಿ, ಹಕ್ಕಲ್ಲ. ಅದೂ ಅಸಮರ್ಥನಿಗೆ ತೋರುವ ವಿನಾಯಿತಿ. ಮಲಯಾಳವನ್ನು ಚೆನ್ನಾಗಿ ಬಲ್ಲ ಗಡಿನಾಡಿನ ಕನ್ನಡಿಗ ಈ ಮಾತುಗಳ ಅಕ್ಷರಾರ್ಥದಲ್ಲಿ ಅದಕ್ಕೆ ಅರ್ಹನೇ ಅಲ್ಲ. 2021ರಲ್ಲಿ ಮಂಜೇಶ್ವರದಿಂದ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ಸದನದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ.